ಅಂಟಿನ ಕೋಣೆಯ ಎಂಬತ್ತನಾಲ್ಕು ಗಂಟೆ

ಇದನ್ನು ಹೇಳಲು ನೀನು ಯಾರು ಎಂದು ಕೇಳಿದರೆ ನನ್ನಲ್ಲಿ ಸರಿಯಾದ ಉತ್ತರವಿಲ್ಲ. ಕಾಲು ಹೋದದ್ದು ಜುಂಬುಲಕ್ಕನದು. ನನ್ನ ಕಾಲು ನೆಟ್ಟಗಿವೆ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ, ಹಾಗಾಗಿ ಅವಳ ಪರವಾಗಿ ಬರೆಯುತ್ತಿದ್ದೇನೆ ಎಂದರೂ ಅದು ಪೂರ್ತಿ ನಿಜವಾಗುವುದಿಲ್ಲ. ಬರೆ ಎಂದು ಅವಳು ಹೇಳಿಲ್ಲ. ನಾನು ಸಂಜೆ ಶಾಲೆಯಲ್ಲಿ ಕಲಿತವಳು. ಒಂದು ವಾಕ್ಯ ಬರೆದು ಮೂರು ಸಲ ಓದುತ್ತೇನೆ, ಆಮೇಲೂ ಅನುಮಾನ ಹೋಗುವುದಿಲ್ಲ. ಮಾತಿನಲ್ಲಿ ತಪ್ಪಿದ್ದರೆ ಮನ್ನಿಸಿ. ಲೆಕ್ಕದಲ್ಲಿ ಮಾತ್ರ ತಪ್ಪಿಲ್ಲ. ಲೆಕ್ಕದಲ್ಲಿ ತಪ್ಪಿದ್ದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ನಮ್ಮದು ದಕ್ಷಿಣ ಮೊರಾವಾ ಹೊಳೆಯ ದಡದ ಸಣ್ಣ ಊರು. ಯುಗೊಸ್ಲಾವಿಯಾ ಎಂಬ ದೇಶ ಇನ್ನೂ ಇದ್ದ ಕಾಲ, ಎಪ್ಪತ್ತೇಳನೇ ಇಸವಿ. ಊರಿಗೆಲ್ಲ ಇದ್ದದ್ದು ಒಂದೇ ಕಾರ್ಖಾನೆ. ಬೂಟು ಮಾಡುತ್ತಿದ್ದರು. ಚರ್ಮ ಕತ್ತರಿಸುವ ವಿಭಾಗದಲ್ಲಿ ಸೆರ್ಬ್ ಗಂಡಸರು. ಹೊಲಿಗೆ ವಿಭಾಗದಲ್ಲಿ ಸೆರ್ಬ್ ಹೆಂಗಸರು. ಅಂಟಿನ ಕೋಣೆಯಲ್ಲಿ ನಾವು, ಜಿಪ್ಸಿ ಮೊಹಲ್ಲಾದವರು. ಹೀಗೆಂದು ಯಾವ ನಿಯಮವೂ ಇರಲಿಲ್ಲ. ಎಲ್ಲರೂ ಸಮಾನರು ಎಂದು ಗೋಡೆಯ ಮೇಲೆ ಬರೆದಿತ್ತು. ಆದರೂ ಅಂಟಿನ ಕೋಣೆಗೆ ಬೇರೆ ಯಾರೂ ಬರುತ್ತಿರಲಿಲ್ಲ.

ನಾನು ಹದಿನೇಳಕ್ಕೆ ಆ ಕೋಣೆ ಸೇರಿದೆ. ಆರು ವರ್ಷ ಅಲ್ಲಿದ್ದೆ. ಕೆಲಸ ಕಲಿಸಿದವಳು ಜುಂಬುಲಕ್ಕ. ಅಟ್ಟೆಯ ಅಂಚಿಗೆ ಬ್ರಷ್ಷಿನಿಂದ ಅಂಟು ಹಚ್ಚಬೇಕು. ಮೇಲಿನ ಚರ್ಮದ ಅಂಚಿಗೂ ಹಚ್ಚಬೇಕು. ಎರಡನ್ನೂ ಹಲಗೆಯ ಮೇಲೆ ಇಟ್ಟು ಕಾಯಬೇಕು. ಬೆರಳಿನ ಹಿಂಬದಿಯಿಂದ ಮುಟ್ಟಿದರೆ ಅಂಟು ಎಳೆದು ಬಿಡಬೇಕು, ಮೆತ್ತಿಕೊಳ್ಳಬಾರದು. ಆಗ ಒತ್ತಬೇಕು. ದಿನಕ್ಕೆ ಎಂಟು ಗಂಟೆಗೂ ಮೇಲೆ ಇದೇ. ಅಂಟಿನ ವಾಸನೆ ಸಿಹಿ. ಮೊದಮೊದಲು ಸುಮ್ಮಸುಮ್ಮನೆ ನಗು ಬರುತ್ತದೆ. ಆಮೇಲೆ ತಲೆ ಸಿಡಿಯುತ್ತದೆ. ಆಮೇಲೆ ಊಟ ಸೇರುವುದಿಲ್ಲ. ಆಮೇಲೆ ಅಭ್ಯಾಸವಾಗುತ್ತದೆ. ಅಭ್ಯಾಸವಾಗುವುದೇ ಎಲ್ಲಕ್ಕಿಂತ ಕೆಟ್ಟದ್ದು ಎಂದು ಜುಂಬುಲಕ್ಕ ಹೇಳುತ್ತಿದ್ದಳು.

ಅದಕ್ಕೇ ಅವಳು ಗಾಳಿ ಸರದಿ ಶುರು ಮಾಡಿದ್ದಳು. ಕೋಣೆಗೆ ಒಂದು ಹಿಂಬಾಗಿಲು ಇತ್ತು. ಅದರಾಚೆ ಚರ್ಮದ ಚೂರಿನ ತಿಪ್ಪೆ, ಒಂದು ಪ್ಲಮ್ ಮರ. ಕೋಣೆಯಲ್ಲಿ ಎಂಟು ಜನ ಹೆಂಗಸರು. ಒಬ್ಬೊಬ್ಬರು ಗಂಟೆಗೆ ಐದು ನಿಮಿಷ ಆ ಬಾಗಿಲಲ್ಲಿ ಹೋಗಿ ನಿಲ್ಲಬೇಕು. ಸರದಿ ತಪ್ಪದಂತೆ ಮಗುವಿನ ಬೂಟಿನ ಒಂದು ಮರದ ಅಚ್ಚು ಮೇಜಿನಿಂದ ಮೇಜಿಗೆ ಹೋಗುತ್ತಿತ್ತು. ಅಚ್ಚು ಯಾರ ಮುಂದೆ ಬಂತೋ ಅವರು ಏಳಬೇಕು. ಕೆಲಸ ಇದೆ, ಆಮೇಲೆ ಹೋಗುತ್ತೇನೆ ಎಂದರೆ ಜುಂಬುಲಕ್ಕ ಬಿಡುತ್ತಿರಲಿಲ್ಲ.

"ಏಳೇ. ಬೂಟು ಎಲ್ಲಿಗೂ ಓಡಿ ಹೋಗಲ್ಲ, ಅದಕ್ಕೆ ಕಾಲಿಲ್ಲ. ನಿನ್ನ ಮೂತಿ ನೋಡು, ಬೇಯಿಸಿದ ಮೂಲಂಗಿ ಥರ ಆಗಿದೆ. ಹೋಗಿ ಉಸಿರಾಡ್ಕೊಂಡು ಬಾ."

ಈ ಸರದಿ ಯಾವ ಕಾಗದದಲ್ಲೂ ಇರಲಿಲ್ಲ. ಮೇಸ್ತ್ರಿಗೆ ಗೊತ್ತಿತ್ತು. ಕಂಡೂ ಕಾಣದಂತೆ ಇದ್ದ. ಕಾಗದದಲ್ಲಿ ಇದ್ದದ್ದು ಹಾಲು. ಅಪಾಯದ ಕೆಲಸವೆಂದು ಕಾರ್ಖಾನೆ ನಮಗೆ ದಿನಕ್ಕೆ ಅರ್ಧ ಲೀಟರ್ ಹಾಲು ಕೊಡುತ್ತಿತ್ತು. ವಿಷಕ್ಕೆ ಹಾಲು ಮದ್ದು ಎಂದು ಯಾರೋ ತೀರ್ಮಾನ ಮಾಡಿದ್ದರು. ನಾವು ಯಾರೂ ಕುಡಿಯುತ್ತಿರಲಿಲ್ಲ. ಮನೆಯ ಮಕ್ಕಳಿಗೆ ಒಯ್ಯುತ್ತಿದ್ದೆವು.

ಇಪ್ಪತ್ತಮೂರರಲ್ಲಿ ನಾನು ಸಂಜೆ ಶಾಲೆ ಸೇರಿದೆ. ಕಾರ್ಮಿಕರಿಗೆಂದೇ ಇದ್ದ ಶಾಲೆ. ಪಾಠ ಮಾಡುತ್ತಿದ್ದವನು ನಮ್ಮ ಕಾರ್ಖಾನೆಯ ಯೋಜನಾ ವಿಭಾಗದ ಇಂಜಿನಿಯರ್ ಸ್ಲಾವೊಲ್ಯುಬ್. ನಾನು ಲೆಕ್ಕದಲ್ಲಿ ಚುರುಕು ಎಂದು ಆತನಿಗೆ ಗೊತ್ತಾಯಿತು. ಅಂಟಿನ ಕೋಣೆಯಿಂದ ಎತ್ತಿ ತನ್ನ ಕಚೇರಿಯಲ್ಲಿ ಗುಮಾಸ್ತಳಾಗಿ ಕೂರಿಸಿಕೊಂಡ. ಹೊರಗಿನವರು ಬಂದಾಗಲೆಲ್ಲ ನನ್ನನ್ನು ತೋರಿಸುತ್ತಿದ್ದ. "ನೋಡಿ, ಇವಳು ನಮ್ಮ ಜಿಪ್ಸಿ ಹುಡುಗಿ. ಸಮೀಕರಣ ಬಿಡಿಸ್ತಾಳೆ." ಬಂದವರು ನಗುತ್ತಿದ್ದರು. ಒಬ್ಬ ನನ್ನ ತಲೆ ಸವರಿದ. ನನಗಾಗ ಇಪ್ಪತ್ತೈದು ವರ್ಷ. ನಾನೂ ನಕ್ಕೆ.

ಆ ವರ್ಷ ಅವನು ನಮಗೆ ಉತ್ಪಾದನೆಯ ಯೋಜನೆ ಲೆಕ್ಕದಿಂದ ಹೇಗೆ ಮಾಡುವುದು ಎಂದು ಕಲಿಸಿದ. ವಾರಕ್ಕೆ ಎಷ್ಟು ಗಂಡಸರ ಬೂಟು, ಎಷ್ಟು ಹೆಂಗಸರ ಷೂ ಮಾಡಿದರೆ ಲಾಭ ಹೆಚ್ಚು? ಮನಸ್ಸಿಗೆ ಬಂದಷ್ಟು ಮಾಡಲಾಗುವುದಿಲ್ಲ. ಕತ್ತರಿಸುವವರ ಗಂಟೆಗೆ ಮಿತಿ ಇದೆ, ಹೊಲಿಯುವವರ ಗಂಟೆಗೆ ಮಿತಿ ಇದೆ, ಅಂಟು ಹಚ್ಚುವವರ ಗಂಟೆಗೆ ಮಿತಿ ಇದೆ. ಒಂದೊಂದು ಮಿತಿಗೂ ಒಂದೊಂದು ಸಾಲು ಬರೆಯಬೇಕು. ಬಳಸಿದ್ದು ಇರುವುದನ್ನು ಮೀರಬಾರದು.

"ಬಳಸಿದ್ದು ಕಡಿಮೆ ಇದ್ರೆ?" ಎಂದು ಯಾರೋ ಕೇಳಿದರು.

"ಉಳಿದದ್ದನ್ನ ಪಕ್ಕದಲ್ಲಿ ಬರೀರಿ. ಬಳಸಿದ್ದಕ್ಕೆ ಉಳಿದದ್ದನ್ನ ಸೇರಿಸಿದ್ರೆ ಇರೋದು ಸಿಗುತ್ತೆ. ಆ ಉಳಿದದ್ದಕ್ಕೆ ಸಡಿಲ ಅಂತಾರೆ. ಸಡಿಲ ಸೊನ್ನೆ ಆದ್ರೆ ಆ ವಿಭಾಗ ಬಿಗಿ. ಬಿಗಿ ಇರೋ ಕಡೆ ಒಂದು ಗಂಟೆ ಹೆಚ್ಚು ಕೊಟ್ರೆ ಲಾಭ ಏರುತ್ತೆ. ಎಷ್ಟು ಏರುತ್ತೋ ಅದು ಆ ಗಂಟೆಯ ನೆರಳು ಬೆಲೆ. ಸಡಿಲ ಇರೋ ಕಡೆ ಗಂಟೆ ಕೊಟ್ರೂ ಏನೂ ಆಗಲ್ಲ, ತೆಗೆದ್ರೂ ಏನೂ ಆಗಲ್ಲ. ಅಲ್ಲಿ ನೆರಳು ಬೆಲೆ ಸೊನ್ನೆ."

ನನಗೆ ಒಂದು ಅನುಮಾನ ಬಂತು. ಕೈ ಎತ್ತಲು ಭಯ. ಆದರೂ ಎತ್ತಿದೆ.

"ಕಾಮ್ರೇಡ್ ಇಂಜಿನಿಯರ್, ಆ ಉಳಿದ ಗಂಟೆಯಲ್ಲಿ ಜನ ಏನು ಮಾಡ್ತಿರ್ತಾರೆ?"

ತರಗತಿ ನಕ್ಕಿತು. ಅವನೂ ನಕ್ಕ.

"ಒಳ್ಳೇ ಪ್ರಶ್ನೆ ಮೆಯ್ರೆಮಾ. ಆದರೆ ಸಮೀಕರಣ ಅದನ್ನ ಕೇಳಲ್ಲ."

ನಾನು ಅದನ್ನು ಹಾಗೇ ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಪರೀಕ್ಷೆಗೆ ಬರಬಹುದು ಎಂದುಕೊಂಡೆ.

ಪರೀಕ್ಷೆಗೆ ಬದಲು ನಮ್ಮ ಕಾರ್ಖಾನೆಯದೇ ಲೆಕ್ಕ ಮಾಡಿ ತರಬೇಕಿತ್ತು. ಒಂದೊಂದು ಜೊತೆಗೆ ಒಂದೊಂದು ವಿಭಾಗದಲ್ಲಿ ಎಷ್ಟು ನಿಮಿಷ ಬೇಕು ಎಂದು ಸ್ಟಾಪ್‌ವಾಚ್ ಹಿಡಿದು ಅಳೆಯಬೇಕು. ಕತ್ತರಿಸುವವರ ಹತ್ತಿರ ಹೋದೆ. ಅವರು ವಾಚ್ ಕಂಡದ್ದೇ ಬೇಕೆಂದೇ ನಿಧಾನ ಮಾಡಿದರು. ಕತ್ತಿ ಮಸೆದರು, ಸಿಗರೇಟು ಹಚ್ಚಿದರು, ಚರ್ಮವನ್ನು ಮೂರು ಸಲ ತಿರುಗಿಸಿದರು. ವಾಚ್ ಏನು ಮಾಡುತ್ತದೆ ಎಂದು ಅವರಿಗೆ ಅಪ್ಪನ ಕಾಲದಿಂದ ಗೊತ್ತಿತ್ತು. ಹೊಲಿಗೆ ವಿಭಾಗದಲ್ಲೂ ಅದೇ.

ಅಂಟಿನ ಕೋಣೆಯವರಿಗೆ ಗೊತ್ತಿರಲಿಲ್ಲ. ಅಲ್ಲಿಗೆ ಯಾರೂ ವಾಚ್ ಹಿಡಿದು ಬಂದೇ ಇರಲಿಲ್ಲ. ವಾಸನೆಗೆ ಹೆದರಿ ಬರುತ್ತಿರಲಿಲ್ಲ.

"ಏನೇ ಇದು, ಗಡಿಯಾರ ಹಿಡ್ಕೊಂಡು ಬಂದಿದೀಯ?" ಎಂದಳು ಜುಂಬುಲಕ್ಕ. "ನಾಡಿ ನೋಡ್ತೀಯಾ? ಡಾಕ್ಟ್ರಾಗ್ಬಿಟ್ಯಾ?"

"ಪರೀಕ್ಷೆಗೆ ಅಕ್ಕ. ಒಂದು ಜೊತೆಗೆ ಎಷ್ಟು ಹೊತ್ತು ಅಂತ ಬರೀಬೇಕು."

"ಯಾರು ನೋಡ್ತಾರೆ ಅದನ್ನ?"

"ಇಂಜಿನಿಯರ್ ನೋಡ್ತಾನೆ. ಅಂಕ ಹಾಕ್ತಾನೆ."

ಅವಳು ಎದ್ದು ನಿಂತು ಚಪ್ಪಾಳೆ ತಟ್ಟಿದಳು. "ಕೇಳಿಸ್ಕೊಳ್ರೇ ಎಲ್ಲ! ನಮ್ಮ ಹುಡುಗಿಗೆ ಅಂಕ ಹಾಕ್ತಾರಂತೆ. ಮೊಹಲ್ಲಾದಲ್ಲಿ ಪರೀಕ್ಷೆ ಬರೆಯೋ ಹೆಣ್ಣು ಇವಳೊಬ್ಬಳೇ. ಗಂಜಿ ಕುಡಿಯೋರ ಥರ ಕೈ ಎಳೀಬೇಡಿ. ಇವತ್ತು ಒಂದಿನ ತೋರಿಸ್ರೇ. ನಮ್ಮ ಕೋಣೆ ಮೊದಲು ಬರಬೇಕು."

"ಆಮೇಲೆ ನಮಗೇನು ಕೊಡಿಸ್ತೀಯೇ ಮೆಯ್ರೆಮಾ?" ಎಂದು ಒಬ್ಬಳು.

"ಗಂಡನ್ನ ಕೊಡಿಸ್ತಾಳೆ, ಇಂಜಿನಿಯರ್ ಗಂಡನ್ನ."

"ಬೇಡಮ್ಮ, ಅವನ ಕೈ ನೋಡಿದೀಯಾ, ಸೌತೆಕಾಯಿ ಸಿಪ್ಪೆ ಥರ."

ನಗುತ್ತಲೇ ಶುರು ಮಾಡಿದರು. ನಾನು ವಾಚ್ ಒತ್ತಿದೆ. ಅಂಥ ಕೆಲಸ ನಾನು ನೋಡಿರಲಿಲ್ಲ. ಎಂಟು ಬ್ರಷ್ಷು ಒಂದೇ ಸಮ ಓಡಿದವು. ಯಾರೂ ಬಾಗಿಲಿಗೆ ಹೋಗಲಿಲ್ಲ. ಮರದ ಅಚ್ಚು ಒಂದೇ ಮೇಜಿನ ಮೇಲೆ ಇತ್ತು. ಜುಂಬುಲಕ್ಕನ ಒಂದು ಚಪ್ಪಲಿ ಕಾಲಿನಿಂದ ಜಾರಿ ಬಿತ್ತು. ಅವಳಿಗೆ ಅದು ಗೊತ್ತಾಗಲಿಲ್ಲ. ಬರಿಗಾಲಲ್ಲೇ ತಣ್ಣನೆ ಸಿಮೆಂಟಿನ ಮೇಲೆ ಓಡಾಡಿದಳು. ನಾನು ನೋಡಿದೆ. ಕೆಲಸದ ಉಮೇದಿನಲ್ಲಿ ಮರೆತಿದ್ದಾಳೆ ಎಂದುಕೊಂಡೆ.

ಗಂಡಸರ ಬೂಟು ಆರು ನಿಮಿಷ. ಹೆಂಗಸರ ಷೂ ನಾಲ್ಕು ನಿಮಿಷ.

ದಿನಾ ಅದು ಏಳು ಮತ್ತು ಐದು. ನಾನು ಆರು ವರ್ಷ ಆ ಕೆಲಸ ಮಾಡಿದವಳು. ನನಗೆ ಗೊತ್ತಿತ್ತು. ನಿಲ್ಲಿಸಿ, ದಿನಾ ಮಾಡುವ ಹಾಗೆ ಮಾಡಿ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ನನಗೋಸ್ಕರ ಎಂಟು ಜನ ಓಡುತ್ತಿದ್ದರು. ನನಗೆ ಹೆಮ್ಮೆಯಾಗಿತ್ತು. ಗಾಳಿ ಸರದಿಯ ಐದು ನಿಮಿಷ ಎಲ್ಲಿ ಬರೆಯಬೇಕು ಎಂದು ಫಾರಮ್ಮಿನಲ್ಲಿ ಹುಡುಕಿದೆ. ಅದಕ್ಕೆ ಕಲಂ ಇರಲಿಲ್ಲ. ಇಂಜಿನಿಯರನ್ನು ಕೇಳಿದೆ. "ವಾಚ್ ಏನು ಹೇಳುತ್ತೋ ಅಷ್ಟೇ ಬರಿ" ಎಂದ. ಅಷ್ಟೇ ಬರೆದೆ.

ಲೆಕ್ಕ ಹೀಗೆ ಬಂತು. ವಾರಕ್ಕೆ ಸಾವಿರದ ಇನ್ನೂರು ಜೊತೆ ಬೂಟು, ಸಾವಿರದ ಒಂಬೈನೂರ ಎಂಬತ್ತು ಜೊತೆ ಷೂ. ಕತ್ತರಿಸುವ ವಿಭಾಗ ಬಿಗಿ. ಹೊಲಿಗೆ ಬಿಗಿ. ಅಂಟಿನ ಕೋಣೆಯಲ್ಲಿ ಇರುವುದು ಎಂಟು ಜನರ ತಲಾ ನಲವತ್ತೆರಡು ಗಂಟೆ, ಅಂದರೆ ಮುನ್ನೂರ ಮೂವತ್ತಾರು. ಬಳಕೆ ಇನ್ನೂರ ಐವತ್ತೆರಡು. ಸಡಿಲ ಎಂಬತ್ತನಾಲ್ಕು ಗಂಟೆ. ನೆರಳು ಬೆಲೆ ಸೊನ್ನೆ.

ಸ್ಲಾವೊಲ್ಯುಬ್ ಕಾಗದವನ್ನು ಎರಡು ಸಲ ನೋಡಿದ. ಎದ್ದು ಕಿಟಕಿಯ ಹತ್ತಿರ ಹೋದ. ನಮ್ಮ ಕಚೇರಿ ಮಹಡಿಯ ಮೇಲೆ. ಅಲ್ಲಿಂದ ಹಿತ್ತಿಲು ಕಾಣುತ್ತದೆ.

"ಬಾ ಇಲ್ಲಿ" ಎಂದ. "ಕಾಣ್ತಿದೆಯಾ? ಕಾಗದದಲ್ಲಿ ಬರೆದಿದೀಯಲ್ಲ ಸಡಿಲ ಅಂತ, ಅದು ಅಗೋ. ಬಾಗಿಲಲ್ಲಿ ನಿಂತಿದೆ."

ಜುಂಬುಲಕ್ಕ ನಿಂತಿದ್ದಳು. ತಲೆವಸ್ತ್ರ ಬಿಚ್ಚಿ ಮುಖ ಮೇಲೆತ್ತಿ ಕಣ್ಣು ಮುಚ್ಚಿಕೊಂಡಿದ್ದಳು. ಬಾಯಿ ತೆರೆದಿತ್ತು.

"ಎಂಬತ್ತನಾಲ್ಕು ಅಂದ್ರೆ ಸರಿಯಾಗಿ ಇಬ್ಬರು" ಎಂದ. "ಶಹಬ್ಬಾಸ್ ಮೆಯ್ರೆಮಾ. ಹತ್ತು ವರ್ಷದಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ."

ಆಗಲೂ ನಾನು ಬಾಯಿ ಬಿಡಬಹುದಿತ್ತು. ಅವನಿಗಿಂತ ನನಗೆ ಹೆಚ್ಚು ಗೊತ್ತೇ, ಪುಸ್ತಕ ಓದಿದವನು ಅವನು ಎಂದು ನನಗೇ ಹೇಳಿಕೊಂಡೆ.

ಇಬ್ಬರನ್ನು ಅಂಟಿನ ಕೋಣೆಯಿಂದ ತೆಗೆದು ಹಿತ್ತಿಲು ಗುಡಿಸಲು ಹಾಕಿದರು. ಅವರು ಅತ್ತರು. ಈಗ ನೋಡಿದರೆ ಆ ಚಳಿಗಾಲ ಪಾರಾದವರು ಅವರೇ. ಗಾಳಿ ಬಂದರೆ ಅಂಟು ಒಂದೇ ಸಮ ಒಣಗುವುದಿಲ್ಲ ಎಂದು ಕಾರಣ ಕೊಟ್ಟು ಹಿಂಬಾಗಿಲಿಗೆ ಹಲಗೆ ಹೊಡೆದು ಮೊಳೆ ಜಡಿದರು. ಆ ಆದೇಶವನ್ನು ಟೈಪು ಮಾಡಿದವಳು ನಾನು. ಎರಡು ಪ್ರತಿ.

ಆರು ಜನ ಎಂಟು ಜನರ ಕೆಲಸ ಮಾಡಿದರು. ನನಗೋಸ್ಕರ ಒಂದು ದಿನ ಓಡಿದ್ದರಲ್ಲ, ಈಗ ದಿನಾ ಓಡಬೇಕಾಯಿತು. ರೊಟ್ಟಿಯನ್ನು ನಿಂತೇ ತಿಂದರು. ಸೈರನ್ ಆದ ಮೇಲೆ ಒಂದು ಗಂಟೆ, ಒಂದೂವರೆ ಗಂಟೆ ಉಳಿದರು. ಆ ಹೊತ್ತನ್ನು ಯಾರೂ ಬರೆಯಲಿಲ್ಲ. ಬಾಗಿಲು ಮುಚ್ಚಿತ್ತು. ಚಳಿಗೆಂದು ಕಿಟಕಿಯನ್ನೂ ಮುಚ್ಚಿದ್ದರು. ನಾನು ಒಮ್ಮೆ ಒಂದು ಕಾಗದ ಕೊಡಲು ಕೆಳಗಿಳಿದೆ. ಹೊಸ್ತಿಲಲ್ಲೇ ಕಣ್ಣು ಉರಿಯಿತು. ಯಾರೂ ನಗುತ್ತಿರಲಿಲ್ಲ. ಜುಂಬುಲಕ್ಕ ತಲೆ ಎತ್ತಿ ನೋಡಿ, "ಬಾರೇ ಡಾಕ್ಟ್ರಮ್ಮ" ಎಂದಳು. ಅವಳ ಕೈಯ ಬ್ರಷ್ಷು ನಡುಗುತ್ತಿತ್ತು.

ಫೆಬ್ರವರಿಯಲ್ಲಿ ಅವಳು ಬಿದ್ದಳು. ಬೂಟಿನ ಹಲಗೆ ಹೊತ್ತು ನಡೆಯುವಾಗ ಪಾದ ಎತ್ತಲಾಗದೆ ಬೆರಳು ಹೊಸ್ತಿಲಿಗೆ ಸಿಕ್ಕಿತು. ಮೇಸ್ತ್ರಿ ಮೊದಲು ಬೂಟು ಎಣಿಸಿದ. ಆಮೇಲೆ ಅವಳನ್ನು ಎಬ್ಬಿಸಿದರು. ನಿಂತಳು, ಮತ್ತೆ ಕುಸಿದಳು. ಎರಡೂ ಪಾದ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದ್ದವು.

ಕಾರ್ಖಾನೆಯ ದವಾಖಾನೆಯ ಡಾಕ್ಟರು ಅವಳನ್ನು ಕೇಳಿದ ಮೊದಲ ಮಾತು, "ಎಷ್ಟು ಕುಡೀತೀಯ?"

"ಏನನ್ನ?"

"ನಿಮ್ಮ ಮೊಹಲ್ಲಾದಲ್ಲಿ ಕುಡಿಯೋದನ್ನ. ಸಾರಾಯಿ."

"ಕಾರ್ಖಾನೆ ದಿನಾ ಅರ್ಧ ಲೀಟರ್ ಹಾಲು ಕೊಡುತ್ತೆ ಡಾಕ್ಟ್ರೇ. ಅದನ್ನೂ ಕುಡಿಯಲ್ಲ, ಮೊಮ್ಮಗನಿಗೆ ಒಯ್ತೀನಿ. ಅವನ ಕಾಲು ಗಟ್ಟಿಯಾಗಿದೆ, ಬೇಕಾದ್ರೆ ನೋಡಿ."

ಡಾಕ್ಟರು ಕಾಗದದಲ್ಲಿ ಏನೋ ಬರೆದರು. ನರದ ತೊಂದರೆ, ಕಾರಣ ಸ್ಪಷ್ಟವಿಲ್ಲ ಎಂದು ಬರೆದಿದ್ದರು. ಓದಿ ಹೇಳಿದವಳು ನಾನು.

ಅವಳ ಮನೆಗೆ ಹೋದೆ. ಸುಟ್ಟು ಸಿಪ್ಪೆ ತೆಗೆದ ಮೆಣಸಿನಕಾಯಿಯ ಒಂದು ಭರಣಿ ತೆಗೆದುಕೊಂಡು ಹೋಗಿದ್ದೆ. ಅವಳು ಒಲೆಯ ಪಕ್ಕ ಹಾಸಿಗೆಯಲ್ಲಿ ಕೂತಿದ್ದಳು. ಗಂಡ ರಮೀಜ್, ಗುಜರಿ ಕಬ್ಬಿಣ ಆಯುವವನು, ನನಗೆ ಕಾಫಿ ಕಾಯಿಸಿ ಕೊಟ್ಟ. ಅವಳು ಕಂಬಳಿ ಸರಿಸಿ ಪಾದ ತೋರಿಸಿದಳು. ತಲೆವಸ್ತ್ರದ ಪಿನ್ನು ತೆಗೆದು ಅಂಗಾಲಿಗೆ ಚುಚ್ಚಿದಳು. ಸಣ್ಣ ರಕ್ತದ ಹನಿ ಬಂತು.

"ಏನೂ ಇಲ್ಲ. ಬೇರೆಯವರ ಕಾಲು ಇದ್ದ ಹಾಗಿದೆ. ರಮೀಜ್‌ಗೆ ಹೇಳಿದೆ, ಇನ್ನು ಮೇಲೆ ನನ್ನ ಕಾಲು ಒತ್ತಿ ಪ್ರಯೋಜನ ಇಲ್ಲ ಅಂತ."

"ನಾನು ಯಾವತ್ತು ಒತ್ತಿದ್ದೆ?" ಎಂದ ರಮೀಜ್.

"ಅದೇ ಹೇಳ್ತಿರೋದು. ನೀನು ತಪ್ಪಿಸ್ಕೊಂಡ್ಬಿಟ್ಟೆ."

ಇಬ್ಬರೂ ನಕ್ಕರು. ನಾನು ಕಾಫಿಯ ಗಸಿ ನೋಡುತ್ತಾ ಕೂತೆ.

"ಅದು ಬಿಡು" ಎಂದಳು. "ಪರೀಕ್ಷೆ ಏನಾಯ್ತು? ಪಾಸಾದ್ಯಾ?"

"ಆದೆ ಅಕ್ಕ."

"ಎಷ್ಟು ಬಂತು?"

"ಐದಕ್ಕೆ ಐದು."

ಅವಳು ಗಂಡನ ಕಡೆ ತಿರುಗಿದಳು. "ನೋಡಿದ್ಯಾ? ನಾನು ಹೇಳಿರ್ಲಿಲ್ವಾ? ಅವತ್ತು ಕೈ ಹೇಗೆ ಓಡಿಸಿದ್ವಿ ಗೊತ್ತಾ!" ಅವಳ ಮುಖ ಅರಳಿತ್ತು.

ನಾನು ಹೇಳಬೇಕೆಂದೇ ಹೋಗಿದ್ದೆ. ಹೇಳದೆ ಬಂದೆ.

ಆವತ್ತಿನಿಂದ ಅದು ನನ್ನನ್ನು ಹಿಡಿಯಿತು. ಸತ್ತವರಾದರೆ ದೆವ್ವ ಎನ್ನಬಹುದು. ಬದುಕಿರುವವಳು ಹೀಗೆ ಬಂದು ಕಾಡಿದರೆ ಏನೆನ್ನಬೇಕೋ ನನಗೆ ತಿಳಿಯದು. ರೊಟ್ಟಿಯ ಸಾಲಿನಲ್ಲಿ ನಿಂತಾಗ ಹಿಂದೆ ಒಂದು ಚಪ್ಪಲಿ ನೆಲಕ್ಕೆ ಬಿದ್ದ ಸದ್ದು ಕೇಳುತ್ತಿತ್ತು. ತಿರುಗಿದರೆ ಎಲ್ಲರ ಕಾಲಲ್ಲೂ ಎರಡೂ ಚಪ್ಪಲಿ ಇರುತ್ತಿದ್ದವು. ಕಚೇರಿಯಲ್ಲಿ ಮಟಮಟ ಮಧ್ಯಾಹ್ನ ಕೆಳಗಿನ ಹಿಂಬಾಗಿಲ ಕೀಲು ಕಿರುಗುಟ್ಟುತ್ತಿತ್ತು. ಎದ್ದು ಕಿಟಕಿಯಲ್ಲಿ ನೋಡುತ್ತಿದ್ದೆ. ಹಲಗೆ, ಮೊಳೆ, ಎಲ್ಲ ಹಾಗೇ. ಕೂತರೆ ಮತ್ತೆ ಕಿರುಗುಟ್ಟುತ್ತಿತ್ತು. ಗಂಟೆಗೆ ಐದು ನಿಮಿಷ, ಸರದಿ ತಪ್ಪದೆ. ಒಂದು ದಿನ ಪಕ್ಕದ ಮೇಜಿನವಳನ್ನು ಕೇಳಿದೆ, ನಿನಗೂ ಕೇಳಿಸಿತಾ? ಅವಳು ನನ್ನ ಮುಖ ನೋಡಿ, "ಮನೆಗೆ ಹೋಗಿ ಮಲಗು" ಎಂದಳು.

ಮನೆಗೆ ಹೋಗಲಿಲ್ಲ. ಲೆಕ್ಕವನ್ನು ಮತ್ತೆ ಮಾಡಿದೆ. ಈ ಸಲ ವಾಚ್ ಹೇಳಿದ್ದನ್ನು ಬಿಟ್ಟು ನನಗೆ ಗೊತ್ತಿದ್ದದ್ದನ್ನು ಬರೆದೆ. ಬೂಟಿಗೆ ಏಳು ನಿಮಿಷ. ಷೂಗೆ ಐದು. ಒಟ್ಟು ಮುನ್ನೂರ ಐದು ಗಂಟೆ. ಗಾಳಿ ಸರದಿ, ಎಂಟು ಜನಕ್ಕೆ ಗಂಟೆಗೆ ಐದು ನಿಮಿಷದ ಹಾಗೆ, ಇಪ್ಪತ್ತೆಂಟು ಗಂಟೆ. ಉಳಿದದ್ದು ಮೂರು ಗಂಟೆ. ಎಂಟು ಹೆಂಗಸರಿಗೆ ಒಂದು ವಾರಕ್ಕೆ ಮೂರು ಗಂಟೆ. ಅಷ್ಟೇ ಇದ್ದದ್ದು ಸಡಿಲ.

ಮಾರ್ಚಿನಲ್ಲಿ ಕಾರ್ಮಿಕರ ಮಂಡಳಿ ಸೇರಿತು. ಕ್ಯಾಂಟೀನಿನಲ್ಲಿ, ಮಧ್ಯಾಹ್ನದ ಪಾಳಿ ಮುಗಿದ ಮೇಲೆ. ವಸಂತದ ಯೋಜನೆಯನ್ನು ಒಪ್ಪಬೇಕಿತ್ತು. ಓದಿ ಹೇಳುವವಳು ನಾನು ಎಂದು ಸ್ಲಾವೊಲ್ಯುಬ್ ತೀರ್ಮಾನಿಸಿದ್ದ. ಜಿಪ್ಸಿ ಹುಡುಗಿ ಓದಿದರೆ ಚೆನ್ನಾಗಿರುತ್ತದೆ, ಪತ್ರಿಕೆಯವನೊಬ್ಬ ಬರುತ್ತಾನೆ ಎಂದಿದ್ದ. ಕಾಗದದಲ್ಲಿ ಇದ್ದದ್ದು ಇಷ್ಟು: ಅಂಟಿನ ಕೋಣೆಯಲ್ಲಿ ಈಗ ಸಡಿಲ ಸೊನ್ನೆ. ಎಲ್ಲ ವಿಭಾಗಕ್ಕಿಂತ ಅದೇ ಬಿಗಿ. ಅಲ್ಲಿನ ಒಂದು ಗಂಟೆಯ ನೆರಳು ಬೆಲೆ ಈಗ ಎಲ್ಲಕ್ಕಿಂತ ಹೆಚ್ಚು. ಆದ್ದರಿಂದ ಅಲ್ಲಿನವರು ಇನ್ನು ಮುಂದೆ ಶನಿವಾರವೂ ಬರತಕ್ಕದ್ದು.

ಜುಂಬುಲಕ್ಕನ ಜಾಗಕ್ಕೆ ಯಾರನ್ನೂ ಹಾಕಿರಲಿಲ್ಲ. ಐದು ಜನ ಇದ್ದರು.

ಸಭೆ ಶುರುವಾಗುವ ಹೊತ್ತಿಗೆ ಬಾಗಿಲಲ್ಲಿ ಗದ್ದಲವಾಯಿತು. ರಮೀಜ್ ತನ್ನ ಗುಜರಿಯ ಕೈಗಾಡಿ ತಳ್ಳಿಕೊಂಡು ಬಂದಿದ್ದ. ಗಾಡಿಯೊಳಗೆ ಕಂಬಳಿ ಹಾಸಿ ಜುಂಬುಲಕ್ಕನನ್ನು ಕೂರಿಸಿದ್ದ. ಕಾವಲಿನವನು ಅಡ್ಡ ನಿಂತ.

"ಸಭೆಗೆ ಗಾಡಿ ತರಬಾರದು."

"ಗಾಡಿ ಬರ್ತಿಲ್ಲಪ್ಪ, ನಾನು ಬರ್ತಿದೀನಿ" ಎಂದಳು ಅವಳು. "ನನಗೆ ಕಾಲು ಕೊಡು, ಗಾಡಿ ವಾಪಸ್ ಕಳಿಸ್ತೀನಿ. ಹನ್ನೊಂದು ವರ್ಷ ದುಡಿದಿದೀನಿ. ನಾನೂ ಕಾರ್ಮಿಕಳೇ."

ಯಾರೋ ನಕ್ಕರು. ಯಾರೋ ತಲೆ ತಗ್ಗಿಸಿದರು. ಕಾವಲಿನವನು ಸರಿದ. ಅಂಟಿನ ಕೋಣೆಯ ಐವರು ಗಾಡಿಯ ಸುತ್ತ ನಿಂತರು.

ನನ್ನ ಹೆಸರು ಕರೆದರು. ಎದ್ದು ಕಪ್ಪು ಹಲಗೆಯ ಹತ್ತಿರ ಹೋದೆ. ಕಾಗದ ಕೈಯಲ್ಲಿತ್ತು. ಮೊದಲ ಸಾಲು ಓದಿದೆ. ಎರಡನೆಯ ಸಾಲು ಓದಲು ಬಾಯಿ ತೆರೆದೆ. ಕಾಗದವನ್ನು ಕೆಳಗಿಳಿಸಿದೆ.

"ಓದು ಮೆಯ್ರೆಮಾ, ಹೆದರಬೇಡ" ಎಂದ ಸ್ಲಾವೊಲ್ಯುಬ್.

"ಓದಲ್ಲ" ಎಂದೆ.

"ಏನಂದೆ?"

"ಇದನ್ನ ಓದಲ್ಲ."

ಧೈರ್ಯದಿಂದ ಹೇಳಿದೆ ಎಂದು ತಿಳಿಯಬೇಡಿ. ಹಲಗೆಗೆ ಒರಗಿ ನಿಂತಿದ್ದೆ. ಸೀಮೆಸುಣ್ಣ ತೆಗೆದುಕೊಂಡು ಎಂಬತ್ತನಾಲ್ಕು ಎಂದು ಬರೆದೆ. ಅದರ ಕೆಳಗೆ ಮೂರು ಅಂಕಿ ಬರೆದೆ. ಐವತ್ತಮೂರು. ಇಪ್ಪತ್ತೆಂಟು. ಮೂರು.

"ಹಿಂದಿನ ಲೆಕ್ಕದಲ್ಲಿ ಅಂಟಿನ ಕೋಣೇಲಿ ಎಂಬತ್ತನಾಲ್ಕು ಗಂಟೆ ಸಡಿಲ ಅಂತ ಬರೆದಿದ್ದೆ. ಬರೆದೋಳು ನಾನೇ. ಅದನ್ನ ಬಿಡಿಸಿ ಹೇಳ್ತೀನಿ. ಈ ಮೂರು ಗಂಟೆ, ಅದು ನಿಜವಾದ ಸಡಿಲ. ಇಪ್ಪತ್ತೆಂಟು ಗಂಟೆ, ಅದು ಅವರ ಉಸಿರು. ಹಿಂಬಾಗಿಲಲ್ಲಿ ನಿಂತು ಉಸಿರಾಡ್ತಿದ್ದದ್ದು. ಆ ಬಾಗಿಲಿಗೆ ನೀವು ಮೊಳೆ ಹೊಡೆದ್ರಿ. ಉಳಿದ ಐವತ್ತಮೂರು ಗಂಟೆ ಇರಲೇ ಇಲ್ಲ. ಅವತ್ತು ನಾನು ವಾಚ್ ಹಿಡ್ಕೊಂಡು ಹೋದಾಗ ನನಗೆ ಒಳ್ಳೆ ಅಂಕ ಬರಲಿ ಅಂತ ಅವರು ಜೊತೆಗೆ ಒಂದೊಂದು ನಿಮಿಷ ಬೇಗ ಮಾಡಿದ್ರು. ಮೂರು ಸಾವಿರದ ನೂರ ಎಂಬತ್ತು ಜೊತೆ, ಮೂರು ಸಾವಿರದ ನೂರ ಎಂಬತ್ತು ನಿಮಿಷ. ಐವತ್ತಮೂರು ಗಂಟೆ. ಅದು ನನ್ನ ಮೇಲಿನ ಪ್ರೀತಿ. ನೀವು ಅದನ್ನ ಕೂಡ ಯೋಜನೇಲಿ ಹಾಕ್ಕೊಂಡ್ರಿ."

ಕತ್ತರಿಸುವ ವಿಭಾಗದ ಒಬ್ಬ ಮುದುಕ "ಅಯ್ಯೋ ಪೆದ್ದ ಹೆಂಗಸರಾ" ಎಂದು ಮೆಲ್ಲಗೆ ಅಂದ. ಬೈದ ಹಾಗಿರಲಿಲ್ಲ.

ಸ್ಲಾವೊಲ್ಯುಬ್ ಎದ್ದ. ಹುಡುಗಿಗೆ ಮೈ ಸರಿಯಿಲ್ಲ, ಅಂಕಿಯಲ್ಲಿ ಭಾವನೆ ಬೆರೆಸುವುದು ವಿಜ್ಞಾನವಲ್ಲ ಎಂದು ಏನೇನೋ ಹೇಳಿದ. ನಾನು ಕೇಳಿಸಿಕೊಳ್ಳಲಿಲ್ಲ. ನಾನು ಗಾಡಿಯ ಕಡೆ ನೋಡುತ್ತಿದ್ದೆ.

ಜುಂಬುಲಕ್ಕ ಹಲಗೆಯನ್ನೇ ನೋಡುತ್ತಿದ್ದಳು. ಅವಳಿಗೆ ಅಂಕಿ ಓದಲು ಬರುತ್ತಿತ್ತು, ಬೂಟಿನ ಅಳತೆಯಿಂದ ಕಲಿತದ್ದು. ಐವತ್ತಮೂರರ ಮೇಲೆ ಅವಳ ಕಣ್ಣು ನಿಂತಿತ್ತು. ಅವಳ ಮುಖದಲ್ಲಿ ಏನೋ ಇಳಿದು ಹೋದದ್ದನ್ನು ನಾನು ನೋಡಿದೆ. ಆಗಲೇ ನನಗೆ ಹೊಳೆದದ್ದು. ಇದು ಅವಳಿಗೆ ಗೊತ್ತಿರಲಿಲ್ಲ. ತನ್ನ ಕೈಯಾರೆ ತಾನೇ ಇದನ್ನು ಮಾಡಿಕೊಂಡೆ ಎಂದು ನಾನು ಇಡೀ ಊರಿನ ಮುಂದೆ ಅವಳಿಗೆ ಲೆಕ್ಕ ಹಾಕಿ ತೋರಿಸಿದ್ದೆ.

"ಮೆಯ್ರೆಮಾ" ಎಂದಳು. ದನಿ ಸಣ್ಣಗಿತ್ತು, ಆದರೂ ಎಲ್ಲರಿಗೂ ಕೇಳಿಸಿತು. "ನಾವು ಅವತ್ತು ಹಾಗೆ ಓಡಿಸಿದ್ವಲ್ಲ. ಅದರಿಂದ ಹೀಗಾಗುತ್ತೆ ಅಂತ ನಿನಗೆ ಅವತ್ತೇ ಗೊತ್ತಿತ್ತಾ?"

ಇಲ್ಲ ಎನ್ನಬಹುದಿತ್ತು. ಇಷ್ಟಾಗುತ್ತದೆ ಎಂದು ಗೊತ್ತಿರಲಿಲ್ಲ, ಅದು ನಿಜ. ಸಡಿಲ ಎಂದರೇನು ಎಂದು ಗೊತ್ತಿತ್ತು, ಅದೂ ನಿಜ.

"ಗೊತ್ತಿತ್ತು ಅಕ್ಕ" ಎಂದೆ.

ಅವಳು ತಲೆ ಆಡಿಸಿದಳು. ರಮೀಜ್‌ಗೆ, "ನಡಿ" ಎಂದಳು. ಗಾಡಿ ತಿರುಗಿತು. ಅದರ ಒಂದು ಚಕ್ರ ವಾಲುತ್ತಿತ್ತು. ಐವರೂ ಅದರ ಹಿಂದೆ ಹೋದರು.

ಮಾರನೆಯ ದಿನ ಬೆಳಗ್ಗೆ ಅಂಟಿನ ಕೋಣೆಗೆ ಯಾರೂ ಇಳಿಯಲಿಲ್ಲ. ಐವರೂ ಹಿತ್ತಿಲಲ್ಲಿ ನಿಂತರು. ಗುಡಿಸುತ್ತಿದ್ದ ಇಬ್ಬರು ಪೊರಕೆ ಬಿಸಾಡಿ ಅವರ ಜೊತೆ ಸೇರಿದರು. ನಾನು ಮಹಡಿಯಿಂದ ಇಳಿದು ಹೋಗಿ ಕೊನೆಯಲ್ಲಿ ನಿಂತೆ. ಯಾರೂ ನನ್ನ ಕಡೆ ತಿರುಗಲಿಲ್ಲ. ಹೋಗು ಎಂದೂ ಅನ್ನಲಿಲ್ಲ. ಮೇಸ್ತ್ರಿ ಬಂದ, ನಿರ್ದೇಶಕ ಬಂದ, ಪೊಲೀಸಿನವನೊಬ್ಬ ಬಂದು ಸಿಗರೇಟು ಸೇದಿ ಹೋದ. ಬೆದರಿಸಿದರು. ಹೆಸರು ಬರೆದುಕೊಂಡರು. "ಹೆಸರು ಬೇಗ ಬರ್ಕೊಳ್ಳಿ, ಒಂದಕ್ಕೆ ಆರು ನಿಮಿಷ ಆಗ್ಬಾರ್ದು" ಎಂದು ಒಬ್ಬಳು ಅಂದಳು. ಹನ್ನೊಂದು ಗಂಟೆಯ ಹೊತ್ತಿಗೆ, ಹೊಲಿದದ್ದನ್ನು ತೆಗೆದುಕೊಳ್ಳುವವರಿಲ್ಲದೆ, ಇಡಲು ಜಾಗವೂ ಇಲ್ಲದೆ ಹೊಲಿಗೆ ನಿಂತಿತು. ಆಮೇಲೆ ಕತ್ತರಿಸುವುದೂ ನಿಂತಿತು. ಬೆಲೆ ಸೊನ್ನೆಯಾಗಿದ್ದವರು ನಿಂತದ್ದಕ್ಕೆ ಇಡೀ ಕಾರ್ಖಾನೆ ನಿಂತಿತು.

ಮೂರು ಗಂಟೆಗೆ ಬಡಗಿ ಬಂದು ಮೊಳೆ ಕಿತ್ತ.

ಇದನ್ನು ಗೆಲುವು ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ಆ ವಸಂತದಲ್ಲಿ ಶನಿವಾರದ ಪಾಳಿ ಬರಲಿಲ್ಲ. ಮುಂದಿನ ವರ್ಷ ಬಂತು. ಗುಡಿಸುತ್ತಿದ್ದ ಇಬ್ಬರನ್ನು ವಾಪಸು ಕೋಣೆಗೆ ಹಾಕಿದರು. ಒಂದು ಫ್ಯಾನು ತಂದರು. ಅಂಟು ಅದೇ ಅಂಟು. ನನ್ನನ್ನು ಯೋಜನಾ ವಿಭಾಗದಿಂದ ತೆಗೆದು ಡಬ್ಬಿ ಕಟ್ಟುವ ಕಡೆ ಕಳಿಸಿದರು. ಅಲ್ಲೇ ನಾನು ಇಪ್ಪತ್ತು ವರ್ಷ ಡಬ್ಬಿ ಕಟ್ಟಿದೆ.

ಜುಂಬುಲಕ್ಕನ ಮನೆಗೆ ನಾನು ಮೂರು ಸಲ ಹೋದೆ. ಮೂರು ಸಲವೂ ರಮೀಜ್ ಹೊಸ್ತಿಲಲ್ಲಿ ನಿಂತು, ಮಲಗಿದ್ದಾಳೆ ಎಂದ. ಸೆಪ್ಟೆಂಬರಿನಲ್ಲಿ ಅವರು ಮನೆ ಖಾಲಿ ಮಾಡಿದರು. ಮಗಳು ಆಸ್ಟ್ರಿಯಾದಲ್ಲಿ, ಗ್ರಾಟ್ಸ್ ಊರಿನಲ್ಲಿ ಯಾವುದೋ ಹೋಟೆಲಿನ ಬಟ್ಟೆ ಒಗೆಯುತ್ತಿದ್ದಳು, ಅಲ್ಲಿಗೆ ಹೋದರು ಎಂದು ಅಕ್ಕಪಕ್ಕದವರು ಹೇಳಿದರು. ವಿಳಾಸ ಯಾರಲ್ಲೂ ಇರಲಿಲ್ಲ. ಆಮೇಲೆ ಯುದ್ಧ ಬಂತು, ದೇಶವೇ ಒಡೆಯಿತು. ಒಬ್ಬರು ಅವಳು ಕೋಲು ಹಿಡಿದು ನಡೆಯುವುದನ್ನು ಕಂಡೆ ಎಂದರು. ಇನ್ನೊಬ್ಬರು ಅವಳು ಹೋದ ಎರಡನೇ ಚಳಿಗಾಲದಲ್ಲೇ ತೀರಿಕೊಂಡಳು ಎಂದರು. ಇಬ್ಬರೂ ಖಚಿತವಾಗಿ ಹೇಳಿದರು.

ಅವಳ ನರಗಳು ಆ ಚಳಿಗಾಲದಲ್ಲಿ ಹೋದವೋ, ಅದಕ್ಕೆ ಮೊದಲೇ ಹೋಗಲು ಶುರುವಾಗಿದ್ದವೋ ನನಗೆ ಗೊತ್ತಿಲ್ಲ. ಬಾಗಿಲು ತೆರೆದೇ ಇದ್ದಿದ್ದರೆ ಅವಳು ನಡೆಯುತ್ತಿದ್ದಳೋ ಇಲ್ಲವೋ ಗೊತ್ತಿಲ್ಲ. ಅವಳ ಪ್ರಶ್ನೆಗೆ ನಾನು ನಿಜ ಹೇಳಿದ್ದು ಸರಿಯೋ, ಸುಳ್ಳು ಹೇಳಿ ಅವಳಿಗೆ ನನ್ನ ಮೇಲಿನ ನಂಬಿಕೆಯನ್ನಾದರೂ ಉಳಿಸಬೇಕಿತ್ತೋ, ಅದನ್ನು ಮೂವತ್ತು ವರ್ಷ ಯೋಚಿಸಿದ್ದೇನೆ. ಅದೂ ಗೊತ್ತಿಲ್ಲ.